ಬಾಗಿಲಿಗಡ್ಡ ನಿಂತ ಪ್ಲಿಮತ್

ಮಾರಿಕುಪ್ಪಂ ಸ್ಟೇಷನ್ನಿಗೆ ಕೂಗಳತೆಯಲ್ಲಿದ್ದ ಗಣಿ ಕೆಲಸದವರ ಸಾಲುಮನೆಗಳ ಲೈನಿನಲ್ಲಿ ನರಸಮ್ಮನ ಮನೆಗೆ ಬರುವವರು ಮೊದಲು ಅಡ್ಡ ತಿರುಗಬೇಕಿತ್ತು. ತಿರುಗಿ, ಹೊಟ್ಟೆ ಒಳಕ್ಕೆಳೆದುಕೊಂಡು, ಬೆನ್ನನ್ನು ಗೋಡೆಗೆ ಒರೆಸಿಕೊಂಡು, ಏಡಿಯಂತೆ ಮೂರು ಹೆಜ್ಜೆ ಸರಿದರೆ ಬಾಗಿಲು. ಗೋಡೆಯಿಂದ ಸರಿಯಾಗಿ ಹನ್ನೊಂದು ಇಂಚು ಬಿಟ್ಟು ಒಂದು ಪ್ಲಿಮತ್ ಕಾರಿನ ಬಂಪರು ಈ ತುದಿಯಿಂದ ಆ ತುದಿಗೆ ಅಡ್ಡ ನಿಂತಿತ್ತು. ನಿಂತು ಏಳು ವರ್ಷವಾಗಿತ್ತು. ಕಾರಿಗೆ ಗಾಲಿ ಇರಲಿಲ್ಲ. ನಾಲ್ಕು ಮೂಲೆಗೂ ಚಪ್ಪಡಿ ಕಲ್ಲು ಪೇರಿಸಿ ಅದರ ಮೇಲೆ ಕೂರಿಸಿತ್ತು. ಲೈನಿನ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದವು, ಹಿಂಬಾಗಿಲು ಅನ್ನುವುದು ಯಾರಿಗೂ ಇಲ್ಲ. ಆದ್ದರಿಂದ ಅಕ್ಕಿ ಮೂಟೆಯಾಗಲಿ, ನೆಂಟರಾಗಲಿ, ಆ ಹನ್ನೊಂದು ಇಂಚಿನಲ್ಲೇ ಬರಬೇಕು. ದಪ್ಪ ನೆಂಟರು ಬರುವುದನ್ನೇ ಬಿಟ್ಟಿದ್ದರು.

ಕಾರು ನರಸಮ್ಮನ ಗಂಡ ಶ್ರೀನಿವಾಸಪ್ಪನದು. ಅವನು ಗಣಿಯ ಒಬ್ಬ ಇಂಜಿನಿಯರ್ ದೊರೆಗೆ ಹದಿನಾಲ್ಕು ವರ್ಷ ಡ್ರೈವರಾಗಿದ್ದ. ದೊರೆ ಎಪ್ಪತ್ತೇಳರಲ್ಲಿ ಆಸ್ಟ್ರೇಲಿಯಾಕ್ಕೆ ಗಂಟುಮೂಟೆ ಕಟ್ಟುವಾಗ, 'ಇದನ್ನು ನಿನ್ನಷ್ಟು ಚೆನ್ನಾಗಿ ನೋಡಿಕೊಳ್ಳುವವರು ಯಾರಿದ್ದಾರೆ' ಎಂದು ಕೀಲಿಕೈ ಕೊಟ್ಟುಹೋದ. ಆನೆ ಕೊಟ್ಟು ಅಂಕುಶ ಕೊಡಲಿಲ್ಲ ಅಂದಂತೆ, ಕಾರು ಕೊಟ್ಟವನು ಹೊಸ ಟೈರು ಕೊಡಲಿಲ್ಲ. ಅದರದು ಹದಿನಾಲ್ಕು ಇಂಚಿನ ಗಾಲಿ. ಆ ಅಳತೆಯ ಟೈರು ಮದರಾಸಿನ ತನಕ ಹುಡುಕಿದರೂ ಸಿಗಲಿಲ್ಲ. ಇದ್ದವು ಒಡೆದು ಚಿಂದಿಯಾದ ಮೇಲೆ, ಬೆಂಗಳೂರಿನ ಯಾವುದೋ ಅಂಗಡಿಯವನು ತರಿಸಿಕೊಡುತ್ತೇನೆಂದ. ಶ್ರೀನಿವಾಸಪ್ಪ ಗಾಲಿಗಳನ್ನು ಬಿಚ್ಚಿ ಅವನ ಕೈಗೆ ಕೊಟ್ಟುಬಂದ. ಎರಡು ತಿಂಗಳು ಬಿಟ್ಟು ಹೋಗಿ ನೋಡಿದರೆ ಅಂಗಡಿ ಇದ್ದ ಜಾಗದಲ್ಲಿ ಹೂವಿನವಳು ಕೂತಿದ್ದಳು.

'ಇದು ಕಾರಲ್ಲ ಕಣ್ಲಾ, ಪೈಲ್ವಾನು' ಎಂದು ಶ್ರೀನಿವಾಸಪ್ಪ ಬಂದವರಿಗೆಲ್ಲ ಹೇಳುವನು. 'ಎಂಟು ಸಿಲಿಂಡರು. ಕಾಲಿಟ್ರೆ ಬಂಗಾರಪೇಟೆ ನಿನ್ನ ಹತ್ರಕ್ಕೇ ಬತ್ತದೆ.' ಈಗ ಗಣಿಯ ನೀರಿನ ಲಾರಿ ಓಡಿಸುತ್ತಿದ್ದ ಅವನು ಸಂಜೆ ಮನೆಗೆ ಬಂದರೆ ಮೊದಲು ಕಾರಿನ ಧೂಳು ಒರೆಸುವನು, ಆಮೇಲೆ ಮುಖ ತೊಳೆಯುವನು. ಕಾಲಿಲ್ಲದ ಪೈಲ್ವಾನನಿಗೆ ಇಷ್ಟು ಉಪಚಾರ ಯಾಕೆಂದು ನರಸಮ್ಮ ಮೊದಮೊದಲು ಕೇಳುತ್ತಿದ್ದಳು. ಕೇಳಿದರೆ ಅವನು ಎರಡು ದಿನ ಊಟ ಬಿಡುತ್ತಿದ್ದ. ಕೇಳುವುದನ್ನು ಬಿಟ್ಟಳು. ಕೊಡ ಹೊತ್ತು ಅಡ್ಡ ನಡೆಯುವುದನ್ನು ಕಲಿತಳು, ಸೌದೆ ಹೊರೆಯನ್ನು ಮೊದಲು ಒಳಗೆ ಎಸೆದು ಆಮೇಲೆ ತಾನು ಹೋಗುವುದನ್ನು ಕಲಿತಳು. ಕಾರು ಬಂದ ವರ್ಷ ಹದಿಮೂರರಲ್ಲಿದ್ದ ಮಗಳು ಕನಕಮ್ಮ ಆ ಸಂದಿನಲ್ಲೇ ಬೆಳೆದು, ಮದುವೆಯ ಸೀರೆ ಉಟ್ಟು ಆ ಸಂದಿನಲ್ಲೇ ಹೊರಗೆ ಬಂದು ಕ್ಯಾಸಂಬಳ್ಳಿಗೆ ಸೊಸೆಯಾಗಿ ಹೋದಳು.

ಅಲ್ಲಿಂದ ಒಂದು ಸೋಮವಾರ ಹಾಲಿನವನ ಕೈಲಿ ಸುದ್ದಿ ಬಂತು. ಗುರುವಾರ ಮಧ್ಯಾಹ್ನದೊಳಗೆ ಬೀಗಿತ್ತಿ ಅಕ್ಕಯ್ಯಮ್ಮ ತಾನೇ ಕನಕಳನ್ನು ಕರೆತಂದು ತೌರಿಗೆ ಬಿಡುತ್ತಾಳಂತೆ, ಚೊಚ್ಚಲ ಬಾಣಂತನಕ್ಕೆ.

ಏಳರಲ್ಲಿ ಕಳಿಸಬೇಕಾದವಳನ್ನು ಒಂಬತ್ತರಲ್ಲಿ ಕಳಿಸುತ್ತಿದ್ದಾರಲ್ಲ ಎಂದು ನರಸಮ್ಮನಿಗೆ ಸಿಟ್ಟು ಬಂತು, ಕಳಿಸುತ್ತಿದ್ದಾರಲ್ಲ ಎಂದು ಸಮಾಧಾನವೂ ಆಯಿತು. ಅಕ್ಕಯ್ಯಮ್ಮನ ಮನೆಯಲ್ಲಿ ಆರು ಹಸು. ಸೀಮಂತಕ್ಕೆಂದು ಹೋದ ದಿನ ನರಸಮ್ಮ ಕಣ್ಣಾರೆ ನೋಡಿದ್ದಳು. ಹಸಿರು ಬಳೆ ತೊಡಿಸಿ, ಆರತಿ ಎತ್ತಿ, ಹೆಂಗಸರೆಲ್ಲ ಎಲೆ ಮುಂದೆ ಕೂತಿದ್ದಾಗ ಕನಕ ಕೊಟ್ಟಿಗೆಯಲ್ಲಿ ಸೆಗಣಿ ಬುಟ್ಟಿ ಎತ್ತುತ್ತಿದ್ದಳು. ಆ ಮನೆಯ ಹಿರಿಸೊಸೆ ಅಲ್ಲೇ ಹೆತ್ತವಳು. ಹೆರುವ ಬೆಳಿಗ್ಗೆಯೂ ಹಾಲು ಕರೆದಿದ್ದಳಂತೆ. ಮಗು ಉಳಿಯಲಿಲ್ಲ. ಅದನ್ನು ಅಕ್ಕಯ್ಯಮ್ಮ ದೇವರ ಲೆಕ್ಕಕ್ಕೆ ಬರೆದಿದ್ದಳು. ನರಸಮ್ಮ ಹಾಗೆ ಬರೆಯಲು ತಯಾರಿರಲಿಲ್ಲ. ಮಗಳು ಇಲ್ಲಿಗೆ ಬಂದು ಕಾಲು ಚಾಚಿ ಕೂರಬೇಕು, ಬಿಸಿನೀರು ಹುಯ್ಯಿಸಿಕೊಳ್ಳಬೇಕು, ಇಲ್ಲೇ ಹೆರಬೇಕು. ಬೇರೆ ಯಾವ ಆಸೆಯೂ ಅವಳಿಗೆ ಆ ವಾರ ಇರಲಿಲ್ಲ.

ಆದರೆ ನರಸಮ್ಮ ಲೈನಿನ ಹೆಂಗಸರಿಗೆ ರವಿಕೆ ಹೊಲಿಯುವವಳು. ಮೈಯ ಅಳತೆ ಅವಳಿಗೆ ಕಣ್ಣಿನಲ್ಲೇ ಸಿಗುತ್ತಿತ್ತು. ಒಂಬತ್ತು ತಿಂಗಳ ಬಸುರಿ ಎಷ್ಟೇ ಬಡಕಲಾದರೂ ಬೆನ್ನಿನಿಂದ ಹೊಟ್ಟೆಗೆ ಹದಿನಾಲ್ಕು ಇಂಚಿಗೆ ಕಮ್ಮಿಯಿಲ್ಲ. ಸಂದು ಹನ್ನೊಂದು.

ಅಂದು ಸಂಜೆ ಅವಳು ಎಷ್ಟೋ ವರ್ಷದ ಮೇಲೆ ಬಾಯಿಬಿಟ್ಟಳು.

'ಇಕಾ ನೋಡಿ, ಗುರುವಾರದೊಳಗೆ ಈ ಕಾರು ಇಲ್ಲಿಂದ ಓಗ್ಬೇಕು.'

'ಗಾಲಿ ಇಲ್ದೆ ಎಂಗೋಯ್ತದೆ?'

'ಗಾಲಿ ತರ್ಸಿ.'

'ತರ್ಸೋಕೆ ಇದೇನು ಸೈಕಲ್ಲಾ? ಇದ್ರ ಅಳತೆ—'

'ಅಳತೆ ತಗೀರಿ. ನಿಮ್ಮ ಮಗ್ಳು ಬಾನೆಟ್ ಹತ್ತಿ ಇಳಿದು ಒಳಗ್ ಬರಾಕಾಗಲ್ಲ.'

ಶ್ರೀನಿವಾಸಪ್ಪ ಕೆಟ್ಟವನಲ್ಲ. ಮಗಳೆಂದರೆ ಅವನಿಗೂ ಜೀವ. ಆದರೆ ಮಗಳನ್ನೂ ಕಾರನ್ನೂ ಒಂದರ ಪಕ್ಕ ಒಂದು ಇಟ್ಟು ಅವನು ಇದುವರೆಗೆ ನೋಡಿರಲಿಲ್ಲ. ಈಗ ನೋಡಿದ. ನೋಡಿ, 'ಹೂಂ' ಅಂದ.

ಮಂಗಳವಾರ ಅವನು ಲಾರಿಗೆ ರಜಾ ಹಾಕಿ ಅಳತೆಗೆ ಕೂತ. ಅವನ ಹತ್ತಿರ ಸ್ಪ್ಯಾನರುಗಳ ದೊಡ್ಡ ಸಂಸಾರವೇ ಇತ್ತು, ಅಳೆಯುವುದಕ್ಕೆ ಮಾತ್ರ ಏನೂ ಇರಲಿಲ್ಲ. ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಹೆಂಡತಿಯ ಟೇಪು ತೆಗೆದುಕೊಂಡ. ಅವನ ಕೈಗೆ ಆ ಟೇಪು ಬಂದದ್ದನ್ನು ಕಂಡು ನರಸಮ್ಮನಿಗೆ ಎಷ್ಟು ಹಿಗ್ಗಾಯಿತೆಂದರೆ, ಒಲೆ ಮೇಲಿನ ಮುದ್ದೆ ಗಂಟಾದದ್ದೂ ತಿಳಿಯಲಿಲ್ಲ.

'ನಾಕು ಅಳತೆ ನೋಡ್ಬೇಕು ಕಣೆ' ಎಂದು ಅವನು ಕಾರಿನ ಪಕ್ಕ ಅಂಗಾತ ಮಲಗಿ ಕೂಗಿ ಹೇಳಿದ. 'ಒಂದು, ಈ ಐದು ಬೋಲ್ಟು ಕೂತಿರೋ ಸುತ್ತು ಎಷ್ಟಗಲ ಅಂತ. ಗಾಲಿ ತೂತು ಅದಕ್ಕೆ ಸರಿಯಾಗಿ ಕೂರ್ಬೇಕು, ಕೂದ್ಲೆಳೆ ಆಚೀಚೆ ಆದ್ರೂ ಏರಲ್ಲ. ಎರಡು, ನಡುವಿನ ಗುಂಬ, ಗಾಲಿ ತೂರ್ಕೊಳೋ ಉಬ್ಬು. ಮೂರು, ಟೈರು ಎಷ್ಟೆತ್ತರ ಇದ್ರೆ ಮಡ್‌ಗಾರ್ಡಿಗೆ ತಾಕಲ್ಲ ಅಂತ. ನಾಕು, ಎಷ್ಟಗಲ ಇದ್ರೆ ತಿರುಗ್ಸಿದಾಗ ಒಳಗೆ ಉಜ್ಜಲ್ಲ ಅಂತ. ಹದಿನಾಕು ಇಂಚಿಂದೇ ಬೇಕು ಅಂತೇನಿಲ್ಲ. ಹದಿನೈದೂ ಓಗ್ತದೆ, ಹದಿನಾರೂ ಓಗ್ತದೆ. ಬೋಲ್ಟಿನ ಸುತ್ತು ಒಂದು ಹೊಂದಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೊಂತೀನಿ.'

'ಈಗ ಕಲ್ಲಿನ ಮ್ಯಾಲೆ ನೇತಾಡ್ತಾ ಐತಲ್ಲ' ಎಂದಳು ನರಸಮ್ಮ. 'ನೆಲಕ್ಕೆ ಇಳ್ಸಿದ್ಮೇಲೆ ಕಾರು ಕೂರಲ್ವಾ? ಆಗ ಟೈರಿನ ಮ್ಯಾಲಿನ ಸಂದು ಕಮ್ಮಿ ಆಗಲ್ವಾ? ಸುಮ್ನೆ ನಿಂತಾಗ ತಗಂಡ ಅಳತೇಲಿ ಹೊಲಿದ ರವಿಕೆ ಕೈ ಎತ್ತಿದ್ರೆ ಬಿರೀತದೆ.'

ಶ್ರೀನಿವಾಸಪ್ಪ ಕಾರಿನಡಿಯಿಂದ ತಲೆ ಹೊರಹಾಕಿ ಅವಳನ್ನು ಹೊಸಬಳಂತೆ ನೋಡಿದ. 'ಮೂರು ಬೆರಳು ಬಿಟ್ಟಿವ್ನಿ' ಅಂದ. 'ಪರ್ವಾಗಿಲ್ವೇ, ನಿಂಗೂ ಬುದ್ಧಿ ಐತೆ.'

ಆ ಮಾತಿಗೆ ನರಸಮ್ಮ ಇಡೀ ದಿನ ಒಳಗೊಳಗೇ ನಗುತ್ತಿದ್ದಳು. ಬೋಲ್ಟಿನ ಸುತ್ತು ಐದೂವರೆ ಇಂಚು ಎಂದು ಅವನು ಬಾಗಿಲ ಪಕ್ಕದ ಗೋಡೆಗೆ ಇದ್ದಿಲಿನಲ್ಲಿ ಬರೆದ.

ಬುಧವಾರ ಬೆಳಿಗ್ಗೆಯ ರೈಲಿಗೆ ಇಬ್ಬರೂ ಬಂಗಾರಪೇಟೆಗೆ ಹೋದರು. ಸ್ಟೇಷನ್ನಿನ ಹಿಂದುಗಡೆ ಪೆರುಮಾಳ್ ಎಂಬವನ ಹಳೇ ಗಾಲಿ ಟೈರಿನ ಮಂಡಿ ಇತ್ತು. ಮುರಿದ ಲಾರಿ, ಜೀಪು, ಟ್ಯಾಕ್ಸಿಗಳ ಗಾಲಿಗಳನ್ನು ಅವನು ಎತ್ತಿನ ಗಾಡಿ ಮಾಡಿಸುವ ರೈತರಿಗೆ ಕೊಡುತ್ತಿದ್ದ. ಆಗ ಹಳ್ಳಿಗಳಲ್ಲೆಲ್ಲ ಮರದ ಚಕ್ರ ತೆಗೆದು ಟೈರಿನ ಗಾಡಿ ಮಾಡಿಸುವ ಭರಾಟೆ. ಪೆರುಮಾಳ್ ವಯಸ್ಸಾದ ಮನುಷ್ಯ, ತಮಿಳಿನ ಎಳೆಯಲ್ಲಿ ಕನ್ನಡ ಆಡುವವನು.

'ವಾಂಗ ಡ್ರೈವರಣ್ಣ' ಎಂದು ಅವನು ಒಂದು ಮೂಲೆಗೆ ಕರೆದುಕೊಂಡು ಹೋದ. 'ನಿನ್ ಕಾರಿಗೆ ಅಂತ್ಲೇ ಇಟ್ಟಂಗೈತೆ ನೋಡು. ಹಳೇ ಡಾಡ್ಜ್ ಟ್ಯಾಕ್ಸೀದು, ಹದಿನೈದು ಇಂಚು, ನಾಲ್ಕೂ ಐತೆ, ಟೈರೂ ಇನ್ನೂ ಜೀವ ಐತೆ. ಡಾಡ್ಜ್, ಪ್ಲಿಮತ್ ಎಲ್ಲಾ ಅಣ್ಣ ತಮ್ಮ. ಇದೇ ತಗೋ.'

'ಬೋಲ್ಟಿನ ಸುತ್ತು ಎಷ್ಟು?'

ಪೆರುಮಾಳ್ ಜೇಬಿನಿಂದ ಸ್ಟೀಲ್ ಪಟ್ಟಿ ತೆಗೆದು ಇಟ್ಟ. 'ನಾಲ್ಕೂವರೆ.'

'ನಂದು ಐದೂವರೆ.'

'ಇರಾದಿಲ್ಲ ಅಣ್ಣ. ಐದೂವರೆ ಅಂದ್ರೆ ಜೀಪು.' ಅವನು ಇನ್ನೊಂದು ರಾಶಿಯ ಮೇಲೆ ಪಟ್ಟಿ ಇಟ್ಟು ತೋರಿಸಿದ. ಸರಿಯಾಗಿ ಐದೂವರೆ. 'ಅಮೆರಿಕಾದಾಗಿಂದ ಬಂದ ಕಾರಿಗೆ ಜೀಪಿನ ಬೋಲ್ಟು ಯಾರಾನ ಆಕ್ತಾರಾ?'

'ನಾನು ನನ್ನ ಕೈಯಾರ ಅಳ್ದಿವ್ನಿ ಪೆರುಮಾಳಣ್ಣ. ಬಾಯಿ ಸುಳ್ಳು ಹೇಳ್ತದೆ, ಅಳತೆ ಹೇಳಲ್ಲ.'

ಪೆರುಮಾಳ್ ಹೆಗಲು ಕುಣಿಸಿದ. 'ನಿನ್ ಕಾರು, ನಿನ್ ಇಷ್ಟ. ಆದ್ರೆ ಡಾಡ್ಜಿಂದು ನಾಳೆ ಇರಲ್ಲ. ಬೇತಮಂಗಲದ ಸೊಣ್ಣಪ್ಪ ಎರಡು ಗಾಡಿಗೆ ಅಂತ ಕೇಳವ್ನೆ, ಬೆಳಿಗ್ಗೆ ಬತ್ತಾನೆ.'

ಕಾರಿನ ರೇಡಿಯೋ ಬಿಚ್ಚಿ ತಂದಿದ್ದ ಶ್ರೀನಿವಾಸಪ್ಪ ಅದನ್ನು ಕೊಟ್ಟು ಜೀಪಿನ ನಾಲ್ಕು ಗಾಲಿ ತೆಗೆದುಕೊಂಡ. ಗಂಡ ಹೆಂಡತಿ ಎರಡೆರಡು ಗಾಲಿ ಉರುಳಿಸಿಕೊಂಡು ಸ್ಟೇಷನ್ನಿಗೆ ಬಂದರು. ಪ್ಲಾಟ್‌ಫಾರಂ ಮೇಲಿದ್ದವರೆಲ್ಲ ನಕ್ಕರು. ನರಸಮ್ಮನೂ ನಕ್ಕಳು. ಅಷ್ಟು ಹಗುರವಾಗಿ ಅವಳು ನಡೆದು ಎಷ್ಟೋ ಕಾಲವಾಗಿತ್ತು.

ರೈಲಿನಲ್ಲಿ ಗಾಲಿಗಳು ಕಾಲಿನ ನಡುವೆ ನಿಂತಿದ್ದವು. ಶ್ರೀನಿವಾಸಪ್ಪ ಕಿಟಕಿಗೆ ತಲೆಯಿಟ್ಟು ಸಿಳ್ಳೆ ಹಾಕುತ್ತಿದ್ದ. ಸುಮ್ಮನೆ ಕೂತು ಗೊತ್ತಿಲ್ಲದ ನರಸಮ್ಮ ಸೊಂಟದಿಂದ ಟೇಪು ತೆಗೆದು ಮುಂದಿದ್ದ ಗಾಲಿಯ ತೂತುಗಳ ಮೇಲೆ ಇಟ್ಟಳು. ಗಂಡ ಅಳೆದ ಹಾಗೆಯೇ ಅಳೆದಳು. ಟೇಪು ಆರೂವರೆ ಅಂದಿತು. ಅವಳ ಮನಸ್ಸು ಅದರ ಪಾಡಿಗೆ ಅದು ಐದೂವರೆ ಅಂದುಕೊಂಡಿತು.

ಆಗ ಅವಳ ಕೈ ನಿಂತಿತು.

ಆರೂವರೆ ಕಂಡರೆ ಐದೂವರೆ ಅಂದುಕೊಂಡದ್ದು ಯಾಕೆ? ಆ ಟೇಪಿಗೆ ಮೊದಲ ಇಂಚು ಇರಲಿಲ್ಲ. ಕನಕ ಹಲ್ಲು ಬರುವ ಕೂಸಾಗಿದ್ದಾಗ ಅದರ ತುದಿಯನ್ನು ಜಗಿದು ಜಗಿದು ಹರಿದಿದ್ದಳು. ನರಸಮ್ಮ ಹಾಳಾದ ಒಂದಿಂಚು ಕತ್ತರಿಸಿ, ತುದಿಯ ಹಿತ್ತಾಳೆ ತಗಡನ್ನು ಹಾಗೇ ಮತ್ತೆ ಹೊಲಿದಿದ್ದಳು. ಅಂಕಿಗಳೂ ಅರ್ಧ ಅಳಿಸಿಹೋಗಿದ್ದವು, ನೋಡಿದವರಿಗೆ ಟೇಪು ಪೂರ್ತಿಯಾಗೇ ಕಾಣುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅವಳು ಅಳೆದದ್ದರಲ್ಲೆಲ್ಲ ಒಂದು ಕಳೆದೇ ಬಟ್ಟೆ ಕತ್ತರಿಸಿದ್ದಳು. ಎಷ್ಟು ಕಾಲ ಕಳೆದಿದ್ದಳೆಂದರೆ, ಕಳೆಯುತ್ತಿದ್ದೇನೆ ಅನ್ನುವುದೇ ಮರೆತುಹೋಗಿತ್ತು.

ಕಾರಿನದು ನಾಲ್ಕೂವರೆ. ಡಾಡ್ಜಿನದು ನಾಲ್ಕೂವರೆ. ಅಣ್ಣ ತಮ್ಮ.

ರೈಲು ಊರ್ಗಾಂ ದಾಟಿತ್ತು. ಹೇಳಿದರೆ ರೈಲು ಹಿಂದಕ್ಕೆ ತಿರುಗುತ್ತದೆಯೇ? ಗಂಡ ಇನ್ನೂ ಸಿಳ್ಳೆ ಹಾಕುತ್ತಿದ್ದ. ನರಸಮ್ಮ ಟೇಪನ್ನು ಸುತ್ತಿ ಮುಷ್ಟಿಯಲ್ಲಿ ಹಿಡಿದಳು. ತಾನು ಅಳೆದದ್ದೇ ತಪ್ಪಿರಲಿ ದೇವರೇ ಎಂದು ಅವಳು ಮಾರಿಕುಪ್ಪಂ ಬರುವವರೆಗೂ ಬೇಡಿಕೊಂಡಳು.

ಮನೆ ಮುಂದೆ ಲೈನಿನ ಅರ್ಧ ಜನ ಸೇರಿದ್ದರು. ಶ್ರೀನಿವಾಸಪ್ಪ ಮುಂದಿನ ಎಡಗಾಲಿಯನ್ನು ಎತ್ತಿ ಬೋಲ್ಟುಗಳಿಗೆ ಹಿಡಿದ. ಒಂದು ತೂತಿಗೆ ಒಂದು ಬೋಲ್ಟು ಹೋಯಿತು. ಮಿಕ್ಕ ನಾಲ್ಕು ಗಾಲಿಯ ತಗಡಿಗೆ ತಾಕಿ ನಿಂತವು. ತಿರುಗಿಸಿದ, ಗುದ್ದಿದ, ಬೆವರೊರೆಸಿಕೊಂಡು ಇನ್ನೊಂದು ಗಾಲಿ ತಂದ. ಅದೂ ಹಾಗೆಯೇ. ನಾಲ್ಕನ್ನೂ ನೋಡಿದ ಮೇಲೆ ಅವನು ನೆಲದ ಮೇಲೆ ಕೂತ. ನಿಂತಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ನಗುವಷ್ಟು ಕೆಟ್ಟವರು ಆ ಲೈನಿನಲ್ಲಿ ಇರಲಿಲ್ಲ.

ನರಸಮ್ಮ ಟೇಪನ್ನು ಅವನ ಮುಂದೆ ಬಿಚ್ಚಿ ಹಿಡಿದು ತುದಿ ತೋರಿಸಿದಳು.

'ಒಂದಿಂಚು ಇಲ್ಲ ಇದ್ರಾಗೆ.'

ಅವನು ತುದಿಯ ಹಿತ್ತಾಳೆ ತಗಡನ್ನು ಉಗುರಿನಿಂದ ಕೆರೆದು ನೋಡಿದ. 'ಒಂದ್ ಮಾತು ಹೇಳ್ಬೋದಾಗಿತ್ತು' ಅಂದ. ಬೈಗುಳದ ದನಿ ಅದರಲ್ಲಿರಲಿಲ್ಲ. ಬೈದಿದ್ದರೆ ನರಸಮ್ಮನಿಗೆ ಎಷ್ಟೋ ವಾಸಿಯಿತ್ತು.

'ನಂಗೇ ಗೊತ್ತಿರ್ಲಿಲ್ಲ. ಕೈ ಕಳೀತಾ ಇತ್ತು, ನಾನು ಕಳೀತಿರ್ಲಿಲ್ಲ.'

ಬಂಪರಾದರೂ ಬಿಚ್ಚೋಣವೆಂದು ಇಬ್ಬರೂ ಕತ್ತಲಾಗುವವರೆಗೆ ಹೆಣಗಿದರು. ಬೋಲ್ಟು ತುಕ್ಕು ಹಿಡಿದು ಚಾಸಿಗೆ ಅಂಟಿಹೋಗಿತ್ತು. ಸ್ಪ್ಯಾನರು ಜಾರಿ ಶ್ರೀನಿವಾಸಪ್ಪನ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಪಕ್ಕದ ಮನೆಯವರು ನಾಲ್ಕೈದು ಜನ ಬಂದು ಮೂತಿ ಎತ್ತಿ ಸರಿಸಲು ನೋಡಿದರು. ಎಂಟು ಸಿಲಿಂಡರಿನ ಇಂಜಿನ್ನು ಇದ್ದದ್ದೇ ಆ ಮೂತಿಯಲ್ಲಿ. ಅದು ಮಿಸುಕಲಿಲ್ಲ.

ಗುರುವಾರ ಮೊದಲನೇ ರೈಲಿಗೆ ಶ್ರೀನಿವಾಸಪ್ಪ ಜೀಪಿನ ಗಾಲಿಗಳನ್ನು ಹಾಕಿಕೊಂಡು ಹೊರಟ. 'ಸೊಣ್ಣಪ್ಪ ಬರೋಕೆ ಮುಂಚೆ ಅಲ್ಲಿರ್ತೀನಿ. ಹನ್ನೊಂದಕ್ಕೆಲ್ಲ ಬಂದುಬುಡ್ತೀನಿ. ಅವ್ರು ಬಂದ್ರೆ ನೀನು ಕೂರ್ಸ್ಕೊಂಡು ಮಾತಾಡ್ತಾ ಇರು.'

ಎಲ್ಲಿ ಕೂರಿಸುವುದು?

ಹನ್ನೊಂದಕ್ಕೆ ರೈಲಿನಿಂದ ಇಳಿದವರಲ್ಲಿ ಶ್ರೀನಿವಾಸಪ್ಪ ಇರಲಿಲ್ಲ. ಹನ್ನೊಂದೂವರೆಗೆ ಬಸ್ಸಿಳಿದು ಅಕ್ಕಯ್ಯಮ್ಮ ಬಂದಳು. ಹಿಂದೆ ಕನಕ, ಒಂದು ಕೈ ಸೊಂಟದ ಮೇಲೆ, ಒಂದು ಕೈಯಲ್ಲಿ ಬಟ್ಟೆಗಂಟು. ಮಗಳ ಕಾಲು ಬಾತು ಚಪ್ಪಲಿಯ ಪಟ್ಟಿಗಳು ಹೂತುಹೋಗಿದ್ದವು. ಅದನ್ನು ಕಂಡು ನರಸಮ್ಮನಿಗೆ ಅಳು ಬಂತು. ಅತ್ತರೆ ಅಪಶಕುನವೆಂದು ನುಂಗಿಕೊಂಡಳು.

ಅಕ್ಕಯ್ಯಮ್ಮ ಕಾರನ್ನು ನೋಡಿದಳು, ಗೋಡೆ ನೋಡಿದಳು, ಸೊಸೆಯ ಹೊಟ್ಟೆ ನೋಡಿದಳು. ಅವಳೂ ಕಣ್ಣಳತೆಯಲ್ಲೇ ಹಸು ಕರು ಕೊಳ್ಳುವ ಹೆಂಗಸು.

'ಇದೇನು ನರಸಮ್ಮೋರೆ, ಇನ್ನೂ ಇಲ್ಲೇ ಐತಾ ಇದು?'

'ಈಗ ಬಂದುಬುಡ್ತಾರೆ ಬೀಗರೆ, ಗಾಲಿ ತರಾಕೆ ಓಗವ್ರೆ. ಒಂದ್ ಗಳಿಗೆ. ಪಕ್ಕದ ಮುತ್ಯಾಲಮ್ಮನ ಮನೇಲಿ ಕೂತ್ಕಳಿ. ಕಾಪಿ ಕಾಯಿಸ್ತೀನಿ.'

'ತೌರುಮನೆ ಅಂತ ಕರ್ಕೊಂಡು ಬಂದು ಪಕ್ಕದ ಮನೇಲಿ ಇಳಿಸ್ಲಾ? ಯಾರಾನ ಕೇಳಿದ್ರೆ ಏನನ್ಲಿ? ಒಂದೂವರೆಗೆ ರಾಹುಕಾಲ. ಅದ್ರೊಳಗೆ ಹೊಸಲು ದಾಟ್ಬೇಕು.'

ಲೈನಿನ ಹೆಂಗಸರು ತಂತಮ್ಮ ಬಾಗಿಲಿಗೆ ಬಂದು ನಿಂತರು. ಗಂಡಸರೆಲ್ಲ ಶಿಫ್ಟಿನಲ್ಲಿ ನೆಲದ ಕೆಳಗಿದ್ದರು. ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಬಿಸಿಲಿಗೆ ಕಾರಿನ ತಗಡು ಸುಡುತ್ತಿತ್ತು. ಸ್ಟೇಷನ್ನಿನ ದಾರಿಯಲ್ಲಿ ಯಾರೂ ಗಾಲಿ ಉರುಳಿಸಿಕೊಂಡು ಬರಲಿಲ್ಲ.

'ನಾನು ಓಗ್ತೀನಿ ಬುಡಮ್ಮ' ಎಂದಳು ಕನಕ. 'ಇದ್ರಾಗೇ ಬೆಳ್ದೋಳಲ್ವಾ ನಾನು. ನಂಗೇನು ಹೊಸದಾ?'

ಅವಳು ಬೆನ್ನನ್ನು ಗೋಡೆಗೆ ಒತ್ತಿ ಅಡ್ಡ ತಿರುಗಿದಳು. ಆರತಿ ತಟ್ಟೆ ಹಿಡಿದು ನರಸಮ್ಮ ಮೊದಲೇ ಒಳಗೆ ಹೋಗಿ ಹೊಸಲಿನಲ್ಲಿ ನಿಂತಿದ್ದಳು. ಒಂದು ಹೆಜ್ಜೆ. ಬಂಪರಿನ ಅಂಚು ಹೊಟ್ಟೆಗೆ ತಾಕಿತು. ಕನಕ ಉಸಿರು ಬಿಟ್ಟು ಇನ್ನೊಂದು ಹೆಜ್ಜೆ ಸರಿದಳು. ಹೊಸಲು ಒಂದು ಮೊಳ ದೂರವಿತ್ತು. ಅಲ್ಲಿ ಅವಳು ನಿಂತಳು. ಮುಂದೆ ಬರಲಾಗಲಿಲ್ಲ, ಹಿಂದೆ ಹೋಗಲೂ ಆಗಲಿಲ್ಲ. ಮುಖ ಬಿಳಿಚಿಕೊಂಡಿತು.

'ಅಮ್ಮಾ, ಒತ್ತುತೈತೆ.'

ನರಸಮ್ಮ ತಟ್ಟೆ ಎಸೆದು ಅವಳ ಕೈ ಹಿಡಿದಳು. ಆಚೆಯಿಂದ ಅಕ್ಕಯ್ಯಮ್ಮ ಇನ್ನೊಂದು ಕೈ ಹಿಡಿದಳು. ತಾಯಿ ಒಳಕ್ಕೆ ಎಳೆಯಬಹುದಾಗಿತ್ತು. ಮಗಳ ಹೊಟ್ಟೆಯ ಮೇಲೆ ಆ ಕಬ್ಬಿಣ ಕೂತಿರುವುದನ್ನು ನೋಡಿದಳು, ಒಳಗಿನ ಕೂಸು ಸೀರೆಯಡಿಯಲ್ಲಿ ಒದ್ದದ್ದನ್ನೂ ನೋಡಿದಳು. ನೋಡಿ, ತಾನೇ ಕೈ ಬಿಟ್ಟಳು. 'ಆ ಕಡೆಗೆ ಎಳ್ಕಳಿ ಬೀಗರೆ. ಮೆತ್ತಗೆ.'

ಅಕ್ಕಯ್ಯಮ್ಮ ಅಂಗುಲ ಅಂಗುಲವಾಗಿ ಎಳೆದು ಹೊರಗೆ ತೆಗೆದಳು. ಸೀರೆಗೆ ತುಕ್ಕಿನ ಗೆರೆ ಬಿದ್ದಿತ್ತು. ಅಕ್ಕಯ್ಯಮ್ಮ ಅದನ್ನು ಸೆರಗಿನಿಂದ ಒರೆಸಿದಳು, ಸೊಸೆಗೆ ನೀರು ಕುಡಿಸಿದಳು.

'ಹೊಸಲಿನ ಮುಂದಿಂದ ಹಿಂದಕ್ಕೆ ಬಂದವಳು ಮತ್ತೆ ಆ ಹೊಸಲು ತುಳಿಬಾರ್ದು' ಎಂದಳು. 'ನಮ್ಮಲ್ಲೇ ಆಗ್ಲಿ ಹೆರಿಗೆ. ನಾನಾಗಿ ಬೇಡ ಅನ್ಲಿಲ್ಲ ನರಸಮ್ಮೋರೆ, ನೀವೇ ನೋಡಿದ್ರಿ. ಏಳಮ್ಮ, ಒಂದು ಗಂಟೆ ಬಸ್ಸಿದೆ.'

ನರಸಮ್ಮ ಸಂದಿನಲ್ಲಿ ಹೊರಗೆ ಬರುವಷ್ಟರಲ್ಲಿ ಅವರು ಬೀದಿಯಲ್ಲಿದ್ದರು. ಓಡಿಹೋಗಿ ಮಗಳ ಕೈ ಹಿಡಿದಳು. ಕನಕ ಅತ್ತೆಗೆ ಕೇಳದಂತೆ, 'ಸಂಜೆ ಹಾಲು ಕರೆಯೋ ಹೊತ್ತಿಗೆ ಓಗ್ಬೇಕಮ್ಮ, ವಾರಗಿತ್ತಿ ಅಕ್ಕನಿಗೆ ಜ್ವರ' ಎಂದಳು. ಅಷ್ಟು ಹೇಳಿ ಬಸ್ಸಿನ ಕಡೆ ನಡೆದಳು.

ಶ್ರೀನಿವಾಸಪ್ಪ ಬಂದದ್ದು ಹೊತ್ತು ಇಳಿಯುವಾಗ, ಎತ್ತಿನ ಗಾಡಿಯ ಮೇಲೆ. ಪೆರುಮಾಳನ ಮಂಡಿಗೆ ಹೋಗುವಷ್ಟರಲ್ಲಿ ಸೊಣ್ಣಪ್ಪ ಡಾಡ್ಜಿನ ಗಾಲಿಗಳನ್ನು ಏರಿಸಿಕೊಂಡು ಹೋಗಿಬಿಟ್ಟಿದ್ದ. ಇವನು ಬೇತಮಂಗಲಕ್ಕೇ ಹೋಗಿ, ಕೆರೆ ಏರಿಯ ಮೇಲೆ ಅವನನ್ನು ಹಿಡಿದು, ಜೀಪಿನ ಟೈರು ಗಾಡಿಗೆ ಇನ್ನೂ ಎತ್ತರ, ಇನ್ನೂ ಗಟ್ಟಿ ಎಂದು ಒಪ್ಪಿಸಿ, ಅದಲು ಬದಲು ಮಾಡಿಕೊಂಡು, ಅವನ ಗಾಡಿಯಲ್ಲೇ ಬಂದಿದ್ದ. ಇಳಿದವನು ಹೆಂಡತಿಯ ಮುಖ ನೋಡಲಿಲ್ಲ, ಗಾಲಿ ಇಳಿಸಿದ. ಮುಂದಿನ ಎಡಗಾಲಿ ಎತ್ತಿ ಹಿಡಿದ. ಐದು ತೂತಿಗೆ ಐದು ಬೋಲ್ಟು, ಒಂದೇ ಸಲಕ್ಕೆ ಒಳಗೆ ಹೋದವು. ಜಾಕು ಇಟ್ಟು ಕಲ್ಲು ತೆಗೆದು ನೆಲಕ್ಕೆ ಇಳಿಸಿದರೆ, ಕಾರು ಒಮ್ಮೆ ನಿಟ್ಟುಸಿರು ಬಿಟ್ಟು ಕೂತಿತು. ಮಡ್‌ಗಾರ್ಡಿಗೂ ಟೈರಿಗೂ ಎರಡು ಬೆರಳು ಉಳಿಯಿತು. ಶಿಫ್ಟು ಮುಗಿಸಿ ಬಂದ ಗಂಡಸರು ಹಿಂದಕ್ಕೆ ತಳ್ಳಿದರು. ಏಳು ವರ್ಷ ಅಡ್ಡ ನಿಂತಿದ್ದ ಪ್ಲಿಮತ್ ಬೀದಿಗೆ ಇಳಿದು, ಬೇ‌ವಿನ ಮರದ ಕೆಳಗೆ ಹೋಗಿ ನಿಂತಿತು. ಬಾಗಿಲಿನ ಮುಂದೆ ನಾಲ್ಕು ಕಲ್ಲಿನ ಗುರುತು, ಹುಲ್ಲು ಹುಟ್ಟದ ನೆಲ, ಅಷ್ಟೇ ಉಳಿಯಿತು.

ಆಗ ಅವನು ಹಿಗ್ಗಿನಿಂದ ತಿರುಗಿ, 'ಕನಕ ಎಲ್ಲೇ?' ಎಂದು ಕೇಳಿದ.

ನರಸಮ್ಮ ಹೇಳಿದಳು. ಸಂದಿನಲ್ಲಿ ಸಿಕ್ಕಿದ್ದು, ತಾನು ಕೈ ಬಿಟ್ಟದ್ದು, ಎಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ಕುಸಿದು ಬಾಗಿಲ ಕಲ್ಲಿನ ಮೇಲೆ ಕೂತ. ಗೋಡೆಯ ಮೇಲೆ ತಾನೇ ಬರೆದಿದ್ದ ಐದೂವರೆಯನ್ನು ಅಂಗೈಯಿಂದ ಉಜ್ಜತೊಡಗಿದ. ಇದ್ದಿಲು ಅಳಿಸಲಿಲ್ಲ, ಹರಡಿಕೊಂಡಿತು.

'ನಾಳೆ ನಾನು ಕ್ಯಾಸಂಬಳ್ಳಿಗೆ ಓಗ್ತೀನಿ' ಎಂದಳು ನರಸಮ್ಮ.

'ಕಳಿಸ್ತಾರಾ ಅವ್ಳನ್ನ?'

'ಇಲ್ಲ. ನಾನೇ ಅಲ್ಲಿರ್ತೀನಿ, ಅವಳು ಹೆತ್ತು ಮೂರು ತಿಂಗ್ಳು ಆಗಾಗಂಟ. ಆರು ಹಸು ಕರಿಯಾಕೆ ಆ ಮನೆಗೆ ಒಂದು ಹೆಂಗ್ಸು ಬೇಕು. ಯಾವ ಹೆಂಗ್ಸಾದ್ರೇನು.'

'ಮಗ್ಳನ್ನ ಕೊಟ್ಟ ಮನೇಲಿ ತಾಯಿ ಕೂಲಿ ಮಾಡಾದಾ? ಒಂದ್ಹೊತ್ತು ಉಂಡ್ರೇ ಆಡ್ಕೊಂತಾರೆ.'

'ಆಡ್ಕೊಳ್ಳಿ. ಈ ಏಳು ವರ್ಷ ಆಡ್ಕೊಂಡಿಲ್ವಾ?'

ಅವನು ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದು ಬಾಯಿ ತೆರೆದು, ಅದರ ಇಂಜಿನ್ನು ಹೊತ್ತಿ ಎಷ್ಟು ವರ್ಷವಾಯಿತೆಂದು ನೆನಪಾಗಿ, ಮುಚ್ಚಿಕೊಂಡ.

ಮರುದಿನ ಶುಕ್ರವಾರ. ಶುಕ್ರವಾರ ಹೆಂಗಸು ಮನೆ ಬಿಟ್ಟು ಹೊರಡಬಾರದು ಅನ್ನುತ್ತಾರೆ. ನರಸಮ್ಮ ಬೆಳಗಿನ ಬಸ್ಸಿಗೆ ಎರಡು ಸೀರೆ, ಬಾಣಂತಿಯ ಮೆಣಸು ಶುಂಠಿ, ಹಳೇ ಪಂಚೆ ಹರಿದು ಮಾಡಿದ ಕೂಸಿನ ಬಟ್ಟೆ ಗಂಟು ಕಟ್ಟಿದಳು. ಟೇಪನ್ನು ಗಂಟಿನೊಳಕ್ಕೆ ಹಾಕಿದವಳು ಮತ್ತೆ ತೆಗೆದು ಮಿಷನ್ನಿನ ಡ್ರಾಯರಿನಲ್ಲೇ ಇಟ್ಟಳು.

ಶ್ರೀನಿವಾಸಪ್ಪ ಬೇವಿನ ಮರದ ಕೆಳಗೆ ಕಾರಿಗೆ ಒರಗಿ ನಿಂತಿದ್ದ. ಮನೆಯ ಮುಂದೆ ಗಾಡಿ ತಿರುಗಿಸುವಷ್ಟು ಜಾಗವಿತ್ತು, ಬೆಳಗಿನ ಬಿಸಿಲು ಹೊಸಲಿನವರೆಗೂ ಬಂದಿತ್ತು. ನರಸಮ್ಮ ಗಂಟನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ಬಂದಳು. ಬಂದು, ಅಡ್ಡ ತಿರುಗಿದಳು. ಹೊಟ್ಟೆ ಒಳಕ್ಕೆಳೆದುಕೊಂಡು, ಬೆನ್ನನ್ನು ಗೋಡೆಗೆ ಒರೆಸಿಕೊಂಡು, ಮೂರು ಹೆಜ್ಜೆ ಸರಿದು ಬೀದಿಗೆ ಇಳಿದಳು.

'ನೇರ ಬರ್ಬೋದಲ್ಲೇ' ಎಂದ ಅವನು. 'ದಾರಿ ಐತಲ್ಲ.'

ಅವಳು ತಿರುಗಿ ಬಾಗಿಲು ನೋಡಿದಳು. ಅವನು ಏನು ಹೇಳುತ್ತಿದ್ದಾನೆಂದು ಅವಳಿಗೆ ಕೂಡಲೇ ತಿಳಿಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.